ಚಿತ್ರದ ದೊಡ್ಡಿ

ಹೊರಗೆ ಹಿತ್ತಾಳೆಯ ಅಕ್ಷರಗಳಲ್ಲಿ ‘ಪ್ರಾದೇಶಿಕ ಚಿತ್ರಕಲಾ ಸಂಗ್ರಹಾಲಯ’ ಎಂದು ಬರೆಸಿದ್ದಾರಲ್ಲ, ಆ ಹೆಸರು ಹಿಡಿದು ಹುಡುಕಿದರೆ ನೀವು ಸಂಜೆಯವರೆಗೂ ಊರು ಸುತ್ತಬೇಕಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಅಂಥದ್ದು ನಮ್ಮೂರಲ್ಲಿ ಇಲ್ಲವೇ ಇಲ್ಲವೆಂದು ಆಣೆ ಮಾಡಿ ಹೇಳುತ್ತಾರೆ. ಚಿತ್ರದ ದೊಡ್ಡಿ ಎಲ್ಲಿ ಎಂದು ಕೇಳಿ, ಆಗ ನೋಡಿ, ಬೀಡಾ ಕಟ್ಟುವವನೂ ಕೈಯ ಎಲೆ ಬಿಟ್ಟು ಎದ್ದು ಬಂದು ದಾರಿ ತೋರಿಸುತ್ತಾನೆ. ದೊಡ್ಡಿ ಎಂದರೆ ದೊಡ್ಡಿಯೇ. ಮಂದಿಯ ಹೊಲಕ್ಕೆ ನುಗ್ಗಿದ ದನಗಳನ್ನು ಹಿಡಿದು ತಂದು ಕೂಡಿಹಾಕುತ್ತಿದ್ದ ಜಾಗ. ಸುತ್ತ ಕಲ್ಲಿನ ಗೋಡೆ, ಕಬ್ಬಿಣದ ಗೇಟು, ನಡುವೆ ಒಂದು ಬೇವಿನ ಮರ. ನಾನು ಫಕೀರವ್ವ. ಇಲ್ಲಿನ ಗೋಡೆಗಳಿಗೆ ಮೊದಲು ಸುಣ್ಣ ಬಳಿದವಳು ನಾನು, ಈಗ ಬಂದವರಿಗೆ ಇವನ್ನೆಲ್ಲ ತಿರುಗಾಡಿ ತೋರಿಸುವವಳೂ ನಾನೇ. ಮೊನ್ನೆ ಸಾಹೇಬರೊಬ್ಬರು ಬಂದು, ಸಂಗ್ರಹಾಲಯದ ಇತಿಹಾಸವನ್ನು ಚುಟುಕಾಗಿ ಹೇಳಮ್ಮ ಎಂದರು. ಚುಟುಕಾಗಿ ಹೇಳುವ ಚಾಳಿ ನನಗಿಲ್ಲ. ಹಾಗೆ ಬೇಕಿದ್ದವರು ಬಾಗಿಲ ಬಳಿ ಕಲ್ಲಿನ ಮೇಲೆ ಕೆತ್ತಿದ್ದನ್ನು ಓದಿಕೊಂಡು ಹೋಗಬಹುದು. ಅದರಲ್ಲಿ ಸಂಸ್ಥಾಪಕರ ಹೆಸರಿದೆ, ಉದ್ಘಾಟನೆಗೆ ಬಂದ ದೊಡ್ಡವರ ಹೆಸರಿದೆ, ನಿಂಬವ್ವನ ಹೆಸರು ಮಾತ್ರ ಇಲ್ಲ.

ನಮ್ಮೂರಲ್ಲಿ ಬಣ್ಣದಲ್ಲಿ ಬರೆದ ಜೀವ ಬರೆದ ಕಡೆಯೇ ನಿಲ್ಲುವುದಿಲ್ಲ. ಇದು ಹೊಸದೇನಲ್ಲ, ನಮ್ಮ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತು. ಮದುವೆಗೆಂದು ಮುಂಗೋಡೆಗೆ ಬರೆಸಿದ ಕುದುರೆ ಒಂದು ದಿನ ಇರುವುದಿಲ್ಲ. ಹುಡುಕಿಕೊಂಡು ಹೋದರೆ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ, ಯಾವುದೋ ಪರದೇಶದ ಹಸಿರು ಗುಡ್ಡದ ಮೇಲೆ ಹಾಯಾಗಿ ಮೇಯುತ್ತಿರುತ್ತದೆ. ಫೋಟೋಗಳಿಗೆ ಈ ಬುದ್ಧಿಯಿಲ್ಲ, ಅವು ಬಡಪಾಯಿಗಳು, ತೆಗೆದಲ್ಲೇ ಇರುತ್ತವೆ. ಚಿತ್ರಗಳದ್ದೇ ತಾಪತ್ರಯ. ಹಾಗೆಂದು ನಾವೇನೂ ತಲೆ ಮೇಲೆ ಕೈ ಹೊತ್ತು ಕೂರುತ್ತಿರಲಿಲ್ಲ. ನಮ್ಮ ಗೋಡೆಗೆ ಯಾರದೋ ಆಕಳು ಬಂದರೆ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಬಕೆಟ್ಟು ನೀರು ಬರೆದಿಟ್ಟು, ಅವರ ಮನೆಗೆ ಹೋಗಿ, “ನಿಮ್ಮ ಆಕಳ ನಮ್ಮ ಅಡಗಿಮನಿ ಗೋಡ್ಯಾಗ ಬಂದೈತ್ರೆವ್ವಾ” ಎಂದು ತಿಳಿಸಿ ಬರುವುದು ಪದ್ಧತಿ. ತೀರ ತಡೆಯಲಾಗದವರು ಚಿತ್ರದ ಕಾಲಿಗೆ ಒಂದು ಹಗ್ಗ ಬರೆಸುತ್ತಿದ್ದರು. ಹಗ್ಗ ಬಿತ್ತೆಂದರೆ ಮುಗಿಯಿತು, ಬರೆದವರು ಎಳೆದ ಕಡೆ ಅದು ಬರಬೇಕು, ಇಟ್ಟ ಕಡೆ ಇರಬೇಕು. ಆದರೆ ಹಗ್ಗ ಬಿದ್ದ ಚಿತ್ರದ ಕಣ್ಣು ಬರಬರುತ್ತ ಮಂಕಾಗುತ್ತಿತ್ತು. ನಾಲ್ಕು ದೀಪಾವಳಿ ಕಳೆಯುವುದರೊಳಗೆ ಅದು ಬರೀ ಬಣ್ಣವಾಗಿಬಿಡುತ್ತಿತ್ತು.

ಶಾಂತವೀರಪ್ಪ ಮಾಸ್ತರರು ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಬಿಳಿ ಧೋತರ, ಕರಿ ಟೊಪ್ಪಿಗೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ. ಅವರ ಹೆಂಡತಿ ನಿಂಬವ್ವ ಬಳೆಗಾರರ ಮಗಳು. ಮಾಸ್ತರರಿಗೆ ಪಗಾರ ಬರುತ್ತಿತ್ತು, ಆಕೆ ದುಡಿಯಬೇಕೆಂದೇನೂ ಇರಲಿಲ್ಲ. ಆದರೂ ಬೆಳಗಾದರೆ ಸಾಕು, ಬಳೆಗಳ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಸುತ್ತಲ ಹಳ್ಳಿಗಳಿಗೆ ಹೊರಟುಬಿಡುತ್ತಿದ್ದಳು. ಯಾವ ಹಳ್ಳಿಯಲ್ಲಿ ಯಾರ ಮಗಳು ಬಸುರಿ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಎಲ್ಲ ಆಕೆಯ ಬಾಯಲ್ಲಿ. ಎಂಥ ಗಟ್ಟಿ ಕೈಗೂ ಒಂದು ಬಳೆ ಒಡೆಯದೆ ಏರಿಸುತ್ತಿದ್ದಳು. ಮಾಸ್ತರರಿಗೆ ಇದು ಸೇರುತ್ತಿರಲಿಲ್ಲ. “ಒಂದಿನಾನರ ಮನ್ಯಾಗ ಕುಂಡ್ರಬಾರದೇನ? ನಾ ಸಾಲಿ ಬಿಟ್ಟು ಬಂದ್ರ ಬಾಗಿಲಿಗೆ ಕೀಲಿ!” ಎಂದು ಕೂಗಾಡುತ್ತಿದ್ದರು. ಆಕೆ ನಕ್ಕು, “ಕುಂತ್ರ ಕಾಲು ಬಾಯ್ತಾವ್ರೀ” ಎಂದು ಹೊರಡುತ್ತಿದ್ದಳು. ಇವರು ಸಿಟ್ಟಿನಿಂದ ಒಳಗೆ ಹೋಗಿ ಬಣ್ಣ ಅರೆಯುತ್ತ ಕೂರುತ್ತಿದ್ದರು. ಮಕ್ಕಳಾಗಲಿಲ್ಲ. ಒಂದು ಮಳೆಗಾಲದಲ್ಲಿ ನಿಂಬವ್ವನಿಗೆ ಜ್ವರ ಬಂತು, ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು. ಮಣ್ಣಿಗೆ ಬಂದ ಹಳ್ಳಿಯ ಹೆಂಗಸರನ್ನು ನೋಡಿ ಮಾಸ್ತರರು ದಂಗಾದರು. ತಮ್ಮ ಹೆಂಡತಿಗೆ ಇಷ್ಟು ಜನ ಗೊತ್ತೆಂದು ಅವರಿಗೇ ಗೊತ್ತಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಮಾಸ್ತರರು ಪಡಸಾಲೆಯ ಗೋಡೆಯ ಮೇಲೆ ಹೆಂಡತಿಯನ್ನು ಬರೆದರು. ನಾವೆಲ್ಲ ನೋಡಲು ಹೋದೆವು. ಏನು ಹೇಳಲಿ, ಸಾಕ್ಷಾತ್ ನಿಂಬವ್ವನೇ! ಗದ್ದದ ಮೇಲಿನ ಹಚ್ಚೆ, ಹಸಿರು ಇಲಕಲ್ ಸೀರೆ, ತುಟಿಯಂಚಿನ ನಗು. ಒಂದೇ ವ್ಯತ್ಯಾಸವೆಂದರೆ ಆಕೆ ಮಣೆಯ ಮೇಲೆ ಕಾಲು ಮಡಚಿ, ತೊಡೆಯ ಮೇಲೆ ಕೈಯಿಟ್ಟು ತೆಪ್ಪಗೆ ಕೂತಿದ್ದಳು. ಬದುಕಿದ್ದಾಗ ಆಕೆ ಹಾಗೆ ಕೂತದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಯಾರೋ ಹಿರಿಯರು, “ಕಾಲಿಗೊಂದು ಹಗ್ಗ ಬರೀರಿ ಮಾಸ್ತರ, ಇಲ್ಲಾಂದ್ರ ಹೋಗಿಬಿಡ್ತಾಳ” ಎಂದರು. ಮಾಸ್ತರರ ಮುಖ ಕೆಂಪಾಯಿತು. “ಹೇಣ್ತೀನ ಎಮ್ಮಿಗತೆ ಕಟ್ಟಿಹಾಕಲೇನು? ಆಕೀ ಎಲ್ಲೂ ಹೋಗೂದಿಲ್ಲ” ಎಂದುಬಿಟ್ಟರು. ತಿಂಗಳು ತುಂಬುವುದರೊಳಗೆ ಗೋಡೆಯ ಮೇಲೆ ಮಣೆಯೊಂದೇ ಉಳಿಯಿತು.

ಅಯ್ಯೋ, ಆಗ ಆ ಮನುಷ್ಯ ಪಟ್ಟ ಪಾಡು! ಮನೆಮನೆಯ ಬಾಗಿಲಿಗೆ ಹೋಗಿ, “ಸ್ವಲ್ಪ ನಿಮ್ಮ ಗೋಡಿ ನೋಡಲೇನ್ರಿ?” ಎಂದು ಕೇಳುತ್ತಿದ್ದರು. ದೇವರ ಕೋಣೆ, ಕೊಟ್ಟಿಗೆ, ಕಿರಾಣಿ ಅಂಗಡಿಯ ಬೋರ್ಡು, ಲಾರಿಗಳ ಹಿಂಬದಿ, ಒಂದನ್ನೂ ಬಿಡಲಿಲ್ಲ. ಎಲ್ಲೂ ಇಲ್ಲ. ಕೊನೆಗೆ ಅವರ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಊರಾಚೆಯ ದೊಡ್ಡಿ ಎಷ್ಟೋ ವರ್ಷಗಳಿಂದ ಖಾಲಿ ಬಿದ್ದಿತ್ತು. ಅದನ್ನು ನನಗೆ ಬಿಟ್ಟುಕೊಡಿ, ಊರಿನ ತಪ್ಪಿಸಿಕೊಂಡ ಚಿತ್ರಗಳಿಗೆಲ್ಲ ಅಲ್ಲಿ ಜಾಗ ಮಾಡುತ್ತೇನೆ ಎಂದು ಪುರಸಭೆಗೆ ಹೋಗಿ ಕೇಳಿದರು. ಪುರಸಭೆಯವರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಿನ್ನ ಗೋಡೆಯ ಆನೆ ನನ್ನ ಗೋಡೆಯ ತೋಟ ತುಳಿಯಿತು, ನಿನ್ನ ಗಿಳಿ ನಾನು ಬರೆಸಿದ ಮಾವಿನ ಹಣ್ಣು ಕಚ್ಚಿತು ಎಂದು ದಿನಬೆಳಗಾದರೆ ಬರುತ್ತಿದ್ದ ತಂಟೆ ಕೇಳಿ ಕೇಳಿ ಅವರೂ ರೋಸಿಹೋಗಿದ್ದರು. ಊರಿಗೆ ಮಾಸ್ತರರು ಮಹಾ ಉಪಕಾರಿಯಾದರು. ಅವರ ಮನಸ್ಸಿನಲ್ಲಿದ್ದದ್ದು ಮಾತ್ರ ಒಂದೇ: ಎಲ್ಲ ಚಿತ್ರಗಳೂ ಬರುವ ಕಡೆ ಎಂದಾದರೂ ನಿಂಬವ್ವನೂ ಬಂದಾಳು.

ನನ್ನನ್ನು ಸುಣ್ಣ ಬಳಿಯಲು ಕರೆದದ್ದು ಆಗಲೇ. ಗಂಡ ತೀರಿಕೊಂಡು, ಕೂಲಿ ಮಾಡಿ ಬದುಕುತ್ತಿದ್ದೆ. ನಾನು ಗೋಡೆ ಬಿಳಿ ಮಾಡುತ್ತ ಹೋದ ಹಾಗೆ ಅವರು ಹಿಂದಿನಿಂದ ಬರೆಯುತ್ತ ಬರುತ್ತಿದ್ದರು. ಮನುಷ್ಯರನ್ನಲ್ಲ, ಪ್ರಾಣಿಗಳನ್ನೂ ಅಲ್ಲ, ಜಾಗಗಳನ್ನು. ಮೆಟ್ಟಿಲಿರುವ ಬಾವಿ, ಹುಣಸೆ ಮರದ ನೆರಳು, ಜೋಳದ ಹೊಲ, ಕಟ್ಟೆ, ತೂಗುಮಂಚ. ಬಾಯಾರಿದವರಿಗೆ ನೀರು ಕಾಣಬೇಕು, ದಣಿದವರಿಗೆ ನೆರಳು ಕಾಣಬೇಕು, ಆಗ ತಾವೇ ಬರುತ್ತಾರೆ ಎನ್ನುತ್ತಿದ್ದರು. ಬಂದವು ನೋಡಿ! ಕುದುರೆಗಳು, ಹಂಸಗಳು, ಮದುವೆ ಗೋಡೆಯಿಂದ ಎದ್ದುಬಂದ ಬಾಜಾಭಜಂತ್ರಿಯವರು, ತಾಯಿಯ ಕಂಕುಳಿಂದ ಇಳಿದು ಅಂಬೆಗಾಲಿಟ್ಟು ಬಂದ ಒಂದು ಕೂಸು. ದೊಡ್ಡಿಯ ನಿಯಮವನ್ನೂ ಮಾಸ್ತರರೇ ಮಾಡಿದರು. ತಮ್ಮದೆಂದು ಬಂದವರು ಗೋಡೆಯ ಮುಂದೆ ನಿಂತು ಹೆಸರು ಹಿಡಿದು ಕರೆಯಬೇಕು. ಚಿತ್ರ ತಿರುಗಿ ನೋಡಿದರೆ ಅವರದು. ತಿರುಗಿ ನೋಡದಿದ್ದರೆ ದೊಡ್ಡಿಯದು. ಮತ್ತೆ, ಈ ಕಾಂಪೌಂಡಿನೊಳಗೆ ಯಾರೂ ಯಾವುದಕ್ಕೂ ಹಗ್ಗ ಬರೆಯುವಂತಿಲ್ಲ.

ನಾಟಕ ಕಂಪನಿಯ ಪರದೆಯಿಂದ ಒಬ್ಬ ಮಹಾರಾಜ ಓಡಿಬಂದಿದ್ದ. ಕಂಪನಿಯ ಮಾಲೀಕ ಬಂದು ಗೋಡೆಯ ಮುಂದೆ ಬಾಯಿ ಬಡಿದುಕೊಂಡ. “ಲೇ ಮಹಾರಾಜಾ, ಬಾರೋ ಮಾರಾಯಾ, ಇವತ್ತ ಆಟ ಐತಿ, ಟಿಕೀಟ ಮಾರೇನಿ!” ಮಹಾರಾಜ ಕಿರೀಟ ತೆಗೆದು ಬಾವಿಕಟ್ಟೆಯ ಮೇಲಿಟ್ಟು, ಕಾಲು ನೀರಲ್ಲಿ ಇಳಿಬಿಟ್ಟು ಕೂತವನು ಕತ್ತು ಸಹ ಹೊರಳಿಸಲಿಲ್ಲ. ಅಂದಿನ ಆಟ ಖಾಲಿ ಸಿಂಹಾಸನದ ಮುಂದೆಯೇ ನಡೆಯಿತು. ಆ ಮಾಲೀಕ ಮಾಸ್ತರರಿಗೆ ಬಾಯಿಗೆ ಬಂದಂತೆ ಬೈದು ಹೋದ. ಆದರೆ ಮುಂದಿನ ರವಿವಾರ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಚುರಮುರಿ ಪೊಟ್ಟಣ ಹಿಡಿದು, ನಮ್ಮ ಮಹಾರಾಜ ಹೇಗಿದ್ದಾನೆ ನೋಡೋಣವೆಂದು ಬಂದ. ಹೀಗೇ ಒಬ್ಬೊಬ್ಬರಾಗಿ ಬರತೊಡಗಿದರು. ಮನೆಯ ಗೋಡೆಯ ಮೇಲಿದ್ದಾಗ ಕಣ್ಣೆತ್ತಿ ನೋಡದವರು ಇಲ್ಲಿ ಬಂದು ಗಂಟೆಗಟ್ಟಲೆ ನೋಡುತ್ತ ನಿಲ್ಲುತ್ತಿದ್ದರು. ಸುದ್ದಿ ದೊಡ್ಡ ಊರುಗಳಿಗೆ ಹಬ್ಬಿತು. ಕಾರುಗಳು ಬಂದವು, ಸಾಹೇಬರು ಬಂದರು, ಮಾಸ್ತರರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ‘ಸಂಸ್ಥಾಪಕರು’ ಎಂದು ಕರೆದರು. ಹಿತ್ತಾಳೆಯ ಅಕ್ಷರಗಳು ಬಂದದ್ದು ಆಗ. ಮಾಸ್ತರರು ಭಾಷಣದಲ್ಲಿ ಎರಡು ಮಾತಾಡಿ ಕೂತರು. ಅವರ ಕಣ್ಣು ಸಭೆಯ ಮೇಲಿರಲಿಲ್ಲ, ಹಿಂದಿನ ಗೋಡೆಯ ಮೇಲಿತ್ತು.

ದೊಡ್ಡಿಯ ಮೂಲೆಯಲ್ಲಿ ಹಿಂದೆ ಕಾವಲುಗಾರ ಇರುತ್ತಿದ್ದ ಒಂದು ಕೋಣೆಯನ್ನು ಅವರು ಯಾರಿಗೂ ಬಿಟ್ಟಿರಲಿಲ್ಲ. ಅದು ನಿಂಬವ್ವನದು. ಅದರ ಗೋಡೆಗಳ ಮೇಲೆ ಮಾಸ್ತರರು ಬರೆಯದ ಸುಖವಿಲ್ಲ. ಒಲೆಯ ಮೇಲೆ ಉಬ್ಬಿದ ರೊಟ್ಟಿ, ತಾಮ್ರದ ಹಂಡೆ, ಮಲ್ಲಿಗೆ ಬಳ್ಳಿ, ಗಾಳಿ ಬರುವ ಕಿಟಕಿ, ಮೆತ್ತನೆಯ ಹಾಸಿಗೆ. ಆಕೆ ಬರಲಿಲ್ಲವೆಂದರೆ ಮತ್ತೆ ಸುಣ್ಣ ಹೊಡೆಸಿ, ಬೇರೆ ಥರದ ಮನೆ ಬರೆಯುವರು. ಬೇರೆ ಯಾವ ಚಿತ್ರ ಒಳಗೆ ಕಾಲಿಟ್ಟರೂ ಒದ್ದೆ ಬಟ್ಟೆ ಬೀಸಿ ಓಡಿಸುವರು. ಒಮ್ಮೆ ತಾಯಿಯನ್ನು ಬಿಟ್ಟು ಬಂದಿದ್ದ ಆ ಕೂಸು ಅಲ್ಲಿ ಹೋಗಿ ಹಾಸಿಗೆಯ ಮೇಲೆ ಮಲಗಿತ್ತು. ಅದನ್ನೂ ಎಬ್ಬಿಸಿದರು. ನನಗೆ ಪಿತ್ತ ನೆತ್ತಿಗೇರಿತು. “ಊರ ಮಂದಿಗೆಲ್ಲಾ ನೆರಳ ಕೊಟ್ಟೀನಿ ಅಂತೀರಿ, ಒಂದ ಕೂಸು ಮಲಗಿದ್ರ ನಿಮ್ಮ ಗಂಟೇನ ಹೋತ್ರಿ?” ಎಂದೆ. “ಆಕೀ ಬಂದು ನೋಡಿ, ಜಾಗಾ ಇಲ್ಲ ಅಂತ ತಿರುಗಿ ಹೋದ್ರ?” ಎಂದರು. ಅಷ್ಟು ಹೊತ್ತಿಗೆ ಅವರ ಕೂದಲೆಲ್ಲ ಬೆಳ್ಳಗಾಗಿತ್ತು. ನಾನು ಸುಣ್ಣದ ಬಕೆಟ್ಟು ಎತ್ತಿಕೊಂಡು ಹೊರಗೆ ಬಂದೆ. ಸತ್ಯ ಹೇಳಬೇಕೆಂದರೆ ನನಗೆ ಆ ನಿಂಬವ್ವನ ಮೇಲೆಯೇ ಸಿಟ್ಟು ಬರತೊಡಗಿತ್ತು.

ಸುದ್ದಿ ತಂದವನು ಬಸ್ ಕಂಡಕ್ಟರ್ ದಾವಲಸಾಬ. ಒಂದು ಬೆಳಗ್ಗೆ ಟಿಕೀಟಿನ ಚೀಲ ಕುತ್ತಿಗೆಗೆ ಹಾಕಿಕೊಂಡೇ ಓಡಿಬಂದ. “ಮಾಸ್ತರ, ಕ್ರಾಸಿನ ಚಹಾದ ಹೋಟ್ಲದಾಗ ಗೋಡಿ ತುಂಬ ಗುಡ್ಡ, ರಸ್ತೆ ಬರಿಸ್ಯಾರಲ್ರಿ, ಆ ರಸ್ತೇದಾಗ ಒಬ್ಬಾಕಿ ಬರಾಕತ್ತಾಳ. ಹಸರ ಸೀರಿ, ಗದ್ದದ ಮ್ಯಾಲ ಹಚ್ಚಿ. ಹೆಗಲ ಮ್ಯಾಲ ಬಳಿ ಮಲಾರ. ನಮ್ಮ ನಿಂಬಕ್ಕನ ಅನಸ್ತೈತ್ರಿ.” ಮಾಸ್ತರರು ಕೂತಲ್ಲೇ ಗೋಡೆ ಹಿಡಿದುಕೊಂಡರು. ನಾನು ನೀರು ತಂದುಕೊಟ್ಟೆ. ಕುಡಿಯಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅರೆಯುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ಸಣ್ಣ ಕುಂಚ ಮತ್ತು ಒಂದೇ ಒಂದು ಬಟ್ಟಲು. ನಾನು ಇಣುಕಿ ನೋಡಿದೆ. ಕಂದು ಬಣ್ಣ. ಊರಲ್ಲಿ ಹಗ್ಗ ಬರೆಯುವ ಬಣ್ಣ ಅದು, ನಾರಿನ ಕಂದು, ಯಾರನ್ನು ಕೇಳಿದರೂ ಹೇಳುತ್ತಾರೆ.

“ಏನ್ರಿ ಇದು ಮಾಸ್ತರ? ನೀವ!” ಎಂದೆ. ಅವರು ನನ್ನ ಮುಖ ನೋಡಲಿಲ್ಲ. “ವಯಸ್ಸಾತು ಫಕೀರವ್ವ. ಇನ್ನ ಕಾಯೂದು ನನ್ನ ಕಡಿಂದ ಆಗಂಗಿಲ್ಲ. ಇದ್ದಷ್ಟ ದಿನ ಕಣ್ಣ ಮುಂದ ಇರಲಿ, ಸಾಕು. ಆಮ್ಯಾಲ ನೀ ಬೇಕಾದ್ರ ಹಗ್ಗ ಅಳಿಸಿಬಿಡು” ಎಂದರು. ಅಳಿಸಿದರೆ ಹೋದ ಕಣ್ಣು ಮರಳಿ ಬರುತ್ತದೆಯೇ? ಅದು ಅವರಿಗೂ ಗೊತ್ತಿತ್ತು. ಅವರನ್ನು ಒಬ್ಬರನ್ನೇ ಬಿಡಲು ಮನಸ್ಸಾಗದೆ ನಾನೂ ಸೆರಗು ಸಿಕ್ಕಿಸಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಟ್ಟಲಿನ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು, ಬಣ್ಣ ತುಳುಕಬಾರದೆಂದು. ದಾವಲಸಾಬ ಇಬ್ಬರ ಬಳಿಯೂ ಟಿಕೀಟು ಕೇಳಲಿಲ್ಲ.

ಹೋಟೆಲಿನ ಒಳಗೋಡೆ ಪೂರ್ತಿ ಗುಡ್ಡ. ಗುಡ್ಡದ ಮೇಲೆ ಹಾವಿನಂತೆ ಒಂದು ರಸ್ತೆ. ರಸ್ತೆಯ ಪಕ್ಕದ ಆಲದ ಮರದ ಕೆಳಗೆ ಕೂತಿದ್ದಳು ನಿಂಬವ್ವ. ಅವಳೇ. ಯಾರದೋ ಸುಗ್ಗಿಯ ಚಿತ್ರದಿಂದ ಎದ್ದುಬಂದ ಮೂವರು ಹುಡುಗಿಯರು ಸುತ್ತ ಕೂತು ಕೈ ಚಾಚಿದ್ದರು. ಒಬ್ಬಳ ಕೈಯನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ ಬಳೆ ಏರಿಸುತ್ತಿದ್ದಳು. ಮಾಸ್ತರರು ಬರೆದಾಗ ಮಲಾರ ಬರೆದಿರಲಿಲ್ಲವಲ್ಲ, ಇದೆಲ್ಲಿಂದ ಬಂತೆಂದು ನೋಡಿದರೆ, ನಮ್ಮ ಪೇಟೆಯ ಫ್ಯಾನ್ಸಿ ಸ್ಟೋರಿನ ಬೋರ್ಡಿನ ಮೇಲಿದ್ದ ಬಳೆಗಳು! ಅವು ಕಾಣೆಯಾದಾಗ ಅಂಗಡಿಯವನು ಎದುರಂಗಡಿಯವನ ಜೊತೆ ಕೈಕೈ ಮಿಲಾಯಿಸಿದ್ದ. ಈ ಕಳ್ಳಿಯ ಕೆಲಸ ಎಂದು ಯಾರಿಗೆ ಗೊತ್ತು? ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೋಟೆಲಿನವನು ನಮ್ಮ ಮುಂದೆ ಚಹಾ ತಂದಿಟ್ಟು ದೂರ ಸರಿದು ನಿಂತ.

ಮಾಸ್ತರರು ಗೋಡೆಗೆ ತೀರ ಹತ್ತಿರ ಹೋಗಿ, “ನಿಂಬೀ” ಎಂದರು. ಆಕೆ ತಿರುಗಿ ನೋಡಿದಳು. ನೀವು ನಂಬಬೇಕು, ಕೂಡಲೇ ತಿರುಗಿದಳು. ಮುಖದ ತುಂಬ ನಕ್ಕು, ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು. ಬದುಕಿದ್ದಾಗ ಬೀದಿಯಲ್ಲಿ ಗಂಡ ಎದುರಾದರೆ ನಗುತ್ತಿದ್ದಳಲ್ಲ, ಅದೇ ನಗು. ದೊಡ್ಡಿಯ ನಿಯಮದ ಪ್ರಕಾರ ಆಕೆ ಈಗ ಅವರವಳೇ. “ಬಾ, ಮನಿಗೆ ಹೋಗೂಣು” ಎಂದರು. ಆಕೆ ನಗುತ್ತಲೇ ಇದ್ದಳು, ಏಳಲಿಲ್ಲ. ಹುಡುಗಿಯ ಇನ್ನೊಂದು ಕೈ ತೆಗೆದುಕೊಂಡು ಮತ್ತೆ ಬಳೆ ಏರಿಸತೊಡಗಿದಳು. ಮಾಸ್ತರರು ಇನ್ನೊಮ್ಮೆ ಕರೆದರು. ಇನ್ನೊಮ್ಮೆ ಕರೆದರು. ಪ್ರತಿಸಲವೂ ನೋಡುತ್ತಾಳೆ, ನಗುತ್ತಾಳೆ, ಅಷ್ಟೇ.

ಆಗ ಅವರು ಕೆಳಗೆ ಕೂತು ಕುಂಚವನ್ನು ಬಣ್ಣದಲ್ಲಿ ಅದ್ದಿದರು. ನಾನು ಕೈ ಹಿಡಿಯಬೇಕೆಂದುಕೊಂಡೆ. ಹಿಡಿಯಲಾಗಲಿಲ್ಲ; ಅಷ್ಟು ವರ್ಷ ಕಾದವರನ್ನು ತಡೆಯಲು ನಾನು ಯಾರು? ಸೀರೆಯಂಚಿನಿಂದ ಹೊರಗೆ ಚಾಚಿದ್ದ ಆಕೆಯ ಕಾಲಿನ ಹತ್ತಿರ ಕುಂಚ ಒಯ್ದರು. ಒಯ್ದ ಕೈ ಅಲ್ಲೇ ತಡೆಯಿತು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿದರು. ನಾನೂ ಬಗ್ಗಿ ನೋಡಿದೆ. ಹಿಮ್ಮಡಿಗಳು ಬೇಸಿಗೆಯ ಕರಿಮಣ್ಣಿನ ಹಾಗೆ ಬಿರಿದಿದ್ದವು. ಬಿರುಕಿನಲ್ಲಿ ಧೂಳು ಕೂತಿತ್ತು. ಹೆಬ್ಬೆರಳ ಕೆಳಗೆ ಮುಳ್ಳು ಮುರಿದು ಕೆಂಪಗೆ ಬಾತಿತ್ತು. ಮಾಸ್ತರರು ಆಕೆಯನ್ನು ಬರೆದಾಗ ಕಾಲು ಮಡಚಿ ಕೂರಿಸಿ ಸೀರೆಯಿಂದ ಮುಚ್ಚಿಬಿಟ್ಟಿದ್ದರು, ಪಾದಗಳನ್ನು ಬರೆದಿರಲೇ ಇಲ್ಲ. ಈ ಪಾದಗಳನ್ನು ಆಕೆ ನಡೆದು ನಡೆದು ತಾನೇ ಮಾಡಿಕೊಂಡಿದ್ದಳು.

“ಫಕೀರವ್ವ,” ಎಂದರು ಮಾಸ್ತರರು, “ಇಷ್ಟ ವರ್ಷ ಬರಿಗಾಲಿಲೆ ತಿರಗ್ಯಾಳ ಇಕಿ.” ಕುಂಚವನ್ನು ಬಟ್ಟಲಿನ ಮೇಲಿಟ್ಟರು. “ಊರ ಮಂದಿಗೆಲ್ಲಾ ಬಾವಿ ಬರದೆ, ತೂಗುಮಂಚ ಬರದೆ. ಇಕೀ ಕಾಲಿಗೆ ಒಂದ ಜೋಡ ಚಪ್ಪಲಿ ಬರೀಲಿಲ್ಲ ನಾನು.” ಅಷ್ಟು ಹೊತ್ತು ಹಿಡಿದಿಟ್ಟಿದ್ದ ಅಳು ಆಗ ಬಂತು. ಹೋಟೆಲಿನವರೆಲ್ಲ ನೋಡುತ್ತಿದ್ದರೂ ಮಕ್ಕಳ ಹಾಗೆ ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಅದೇ ಕಂದು ಬಣ್ಣದಲ್ಲಿ ಬರೆಯತೊಡಗಿದರು. ಆಕೆಯ ಕಾಲಿನ ಮೇಲಲ್ಲ, ಪಕ್ಕದ ನೆಲದ ಮೇಲೆ. ದಪ್ಪ ಅಟ್ಟೆ, ಅಗಲವಾದ ಪಟ್ಟಿ, ಹೆಬ್ಬೆರಳು ಸಿಕ್ಕಿಸುವ ಉಂಗುಟ, ಹಿಮ್ಮಡಿಯ ಕಡೆ ಒಂದಕ್ಕೆ ಎರಡು ಪದರ ಚರ್ಮ. ಹೊಲಿಗೆಯ ಒಂದೊಂದು ಚುಕ್ಕೆಯನ್ನೂ ಬಿಡಲಿಲ್ಲ. ನಿಂಬವ್ವ ಬಳೆ ಏರಿಸುವುದನ್ನು ಬಿಟ್ಟು ಕುಂಚವನ್ನೇ ನೋಡುತ್ತಿದ್ದಳು. ಎರಡನೆಯದು ಮುಗಿದು ಮಾಸ್ತರರು ಕೈ ತೆಗೆದ ಮೇಲೆ, ಆಕೆ ಒಂದನ್ನು ಎತ್ತಿ ಹಿಂದುಮುಂದು ತಿರುಗಿಸಿ ನೋಡಿದಳು. ಮೆಟ್ಟಿಕೊಂಡಳು. ಇನ್ನೊಂದನ್ನೂ ಮೆಟ್ಟಿಕೊಂಡು ಎದ್ದು ನಿಂತು ಆಚೆ ಈಚೆ ನಾಲ್ಕು ಹೆಜ್ಜೆ ಹಾಕಿದಳು.

“ಬಿಗಿ ಆಗಿಲ್ಲಲ್ಲಾ?” ಎಂದರು ಮಾಸ್ತರರು. ಆಕೆ ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಹುಡುಗಿಯರ ಗಲ್ಲ ಹಿಂಡಿ, ಮಲಾರವನ್ನು ಹೆಗಲಿಗೇರಿಸಿಕೊಂಡು ರಸ್ತೆ ಹಿಡಿದಳು. ಮುಳ್ಳು ಚುಚ್ಚಿ ಬಾತ ಕಾಲಾದರೂ ಕುಂಟುತ್ತಿರಲಿಲ್ಲ. ಬಿರಬಿರನೆ ಗುಡ್ಡ ಏರುತ್ತಿದ್ದಳು. ಮಾಸ್ತರರು ಗೋಡೆಗೆ ಕೈಯೂರಿ ನಿಂತು ನೋಡುತ್ತಿದ್ದರು. “ಜೀವ ಇದ್ದಾಗೂ ಹಿಂಗ ಹೋಗಾಕಿ,” ಎಂದರು, ನನಗೋ ತಮಗೋ ತಿಳಿಯದ ಹಾಗೆ. “ನಾ ಸಿಟ್ಟು ಮಾಡಿ ಒಳಗ ಹೋಗತಿದ್ದೆ. ಬಾಗಿಲಾಗ ನಿಂತು ಒಂದಿನಾನೂ ನೋಡಲಿಲ್ಲ.”

ನಮ್ಮನ್ನು ಇಳಿಸಿ ಹೋಗಿದ್ದ ಬಸ್ಸು ತಿರುಗಿ ಬಂದು ಹೊರಗೆ ಹಾರ್ನ್ ಹೊಡೆಯಿತು. ದಾವಲಸಾಬ ಬಾಗಿಲಿಗೆ ಬಂದು, “ಮಾಸ್ತರ, ಟೈಮ್ ಆತ್ರಿ, ಬಸ್ಸು ಹೊಂಡತೈತಿ” ಎಂದು ಕೂಗಿದ. ರಸ್ತೆಯ ತುದಿಯಲ್ಲಿ ಹಸಿರು ಸೀರೆ ಕಡ್ಡಿಯಷ್ಟಾಗಿತ್ತು. ಮಾಸ್ತರರು ಹಿಂದಿರುಗಿ ನೋಡದೆ ಕೈ ಎತ್ತಿ ಅವನನ್ನು ತಡೆದರು.

“ತಡೀಪಾ, ಇನ್ನೂ ಕಾಣ್ತಾಳ.”